ಮುಳ್ಳು ಹೇಳಿದ ಸುಳ್ಳು

ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆ ಕುಶಾಲನಗರವನ್ನು ದಾಟಿದ ಮೇಲೆ ಏರತೊಡಗುತ್ತದೆ. 2023ರ ಜುಲೈ ತಿಂಗಳ ಒಂದು ಸಂಜೆ ನಾವು ಮಿತ್ರರೊಬ್ಬರೊಡನೆ ಅವರ 1956ರ ಮಾರಿಸ್ ಮೈನರ್ ಕಾರಿನಲ್ಲಿ ಆ ಏರನ್ನು ಹತ್ತುತ್ತಿದ್ದೆವು. ಸುಂಟಿಕೊಪ್ಪ ಇನ್ನೂ ಸ್ವಲ್ಪ ದೂರವಿರುವಾಗಲೇ ಎಂಜಿನು ಎರಡು ಬಾರಿ ಕೆಮ್ಮಿ ನಿಂತುಹೋಯಿತು. ಪೆಟ್ರೋಲು ಮಾಪಕದ ಮುಳ್ಳು ಅರ್ಧಕ್ಕಿಂತ ಕೊಂಚ ಕೆಳಗಿತ್ತು. ಆದುದರಿಂದ ಪೆಟ್ರೋಲಿನ ಮೇಲೆ ನಮಗೆ ಸಂಶಯವೇ ಬರಲಿಲ್ಲ. ಸುರಿಯುವ ಮಳೆಯಲ್ಲಿ ಒಂದು ಗಂಟೆಯ ಕಾಲ ಪ್ಲಗ್ಗುಗಳನ್ನು ಕಳಚಿ ಒರೆಸಿದೆವು, ತಂತಿಗಳನ್ನು ಅಲುಗಿಸಿದೆವು. ಇಷ್ಟರಲ್ಲಿ ವಿದ್ಯುತ್ ಪೆಟ್ರೋಲು ಪಂಪು ಟಿಕ್ ಟಿಕ್ ಎಂದು ಎಡೆಬಿಡದೆ ಬಡಿದುಕೊಳ್ಳುತ್ತಲೇ ಇತ್ತು. ದ್ರವ ಸಿಗದೆ ಬರಿಯ ಗಾಳಿಯನ್ನು ಹೀರುವಾಗ ಅದು ಹಾಗೆ ಬಡಿದುಕೊಳ್ಳುತ್ತದೆ ಎಂಬುದು ನಮಗೆ ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಕೊನೆಗೆ ಹಿಂದೆ ಬಂದು ನಿಂತ ಲಾರಿಯ ಚಾಲಕರು, "ಮೊದ್ಲು ಪೆಟ್ರೋಲ್ ಐತಾ ನೋಡಿ ಸಾರ್" ಎಂದು ಹೇಳಿ, ಬಗ್ಗಿ, ಬೆರಳ ಗೆಣ್ಣಿನಿಂದ ಟ್ಯಾಂಕನ್ನು ತಟ್ಟಿದರು. ಅದು ಖಾಲಿ ಕೊಡದಂತೆ ಸದ್ದು ಮಾಡಿತು.

ಭೌತಶಾಸ್ತ್ರವನ್ನು ಪಾಠ ಹೇಳುವವರಿಗೆ ಇದು ಅಷ್ಟೇನೂ ಗೌರವದ ಸಂದರ್ಭವಲ್ಲ. ಆದರೆ ಆ ಮುಳ್ಳು ಏಕೆ ಸುಳ್ಳು ಹೇಳಿತು, ಅದನ್ನು ಸರಿಪಡಿಸುವಾಗ ನಾವು ಎಲ್ಲಿ ಎಡವಿದೆವು ಎಂಬುದು ಪ್ರಯೋಗಶಾಲೆಯಲ್ಲಿ ಮೀಟರು ಹಿಡಿಯುವ ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಪೆಟ್ರೋಲನ್ನು ಅಳೆಯುವ ಮೊದಲ ಉಪಕರಣ ಒಂದು ಕಡ್ಡಿ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ 'ಟಿ' ಕಾರಿನಲ್ಲಿ ಟ್ಯಾಂಕು ಮುಂದಿನ ಆಸನದ ಕೆಳಗಿತ್ತು. ಆಸನವನ್ನು ಎತ್ತಿ, ಗೀಟು ಹಾಕಿದ ಕಡ್ಡಿಯನ್ನು ಅದ್ದಿ ನೋಡಬೇಕಾಗಿತ್ತು. ಪೆಟ್ರೋಲು ತನ್ನ ಭಾರದಿಂದಲೇ ಎಂಜಿನಿಗೆ ಹರಿಯುತ್ತಿದ್ದುದರಿಂದ ಟ್ಯಾಂಕು ಖಾಲಿಯಾಗುತ್ತ ಬಂದಾಗ ಕಡಿದಾದ ಬೆಟ್ಟವನ್ನು ಕಾರು ಮುಮ್ಮುಖವಾಗಿ ಹತ್ತುತ್ತಿರಲಿಲ್ಲ. ಜನರು ಕಾರನ್ನು ತಿರುಗಿಸಿ ಹಿಮ್ಮುಖವಾಗಿ ಹತ್ತಿಸುತ್ತಿದ್ದರು! ಅದರ ನಂತರ ಬಂದ 'ಎ' ಮಾದರಿಯಲ್ಲಿ ಟ್ಯಾಂಕು ಚಾಲಕನ ಎದುರಿಗೇ, ಮುಂಫಲಕದ ಹಿಂಬದಿಗೆ ಬಂದಿತು. ಒಳಗೆ ತೇಲುವ ಬೆಂಡಿಗೇ ಮಾಪಕವನ್ನು ನೇರವಾಗಿ ಜೋಡಿಸಿದರು. ವಿದ್ಯುತ್ತಿನ ಗೊಡವೆಯೇ ಇಲ್ಲ. ಆದರೆ ಅಷ್ಟು ಪೆಟ್ರೋಲನ್ನು ಮೊಣಕಾಲಿನ ಹತ್ತಿರ ಇಟ್ಟುಕೊಂಡು ಓಡಾಡುವುದು ಯಾರಿಗೂ ಹಿತವಾದ ವಿಷಯವಲ್ಲ. ಟ್ಯಾಂಕು ಕಾರಿನ ಹಿಂಭಾಗಕ್ಕೆ ಸರಿಯಿತು. ಆಗ ಹೊಸ ಪ್ರಶ್ನೆ ಎದ್ದಿತು: ಹಿಂದೆ ತೇಲುವ ಬೆಂಡಿನ ಎತ್ತರವನ್ನು ಹಲವು ಅಡಿ ಮುಂದಿರುವ ಮುಳ್ಳಿಗೆ ತಿಳಿಸುವುದು ಹೇಗೆ?

ವಿದ್ಯಾರ್ಥಿಗಳನ್ನು ಕೇಳಿದರೆ ಅವರು ಕೂಡಲೇ ಒಂದು ಉತ್ತರ ಕೊಡುತ್ತಾರೆ. ಬೆಂಡಿನ ತೋಳಿಗೆ ಒಂದು ರಿಯೋಸ್ಟಾಟನ್ನು ಜೋಡಿಸಿ, ಬ್ಯಾಟರಿ, ರಿಯೋಸ್ಟಾಟು, ಆಮ್ಮೀಟರು ಮೂರನ್ನೂ ಸರಣಿಯಲ್ಲಿ ಇಡುವುದು. ಪೆಟ್ರೋಲಿನ ಮಟ್ಟ ಬದಲಾದರೆ ರೋಧ ಬದಲಾಗುತ್ತದೆ, ರೋಧ ಬದಲಾದರೆ ಪ್ರವಾಹ ಬದಲಾಗುತ್ತದೆ. ಓಮನ ನಿಯಮಕ್ಕೆ ಇದು ಒಪ್ಪುತ್ತದೆ; ಆದರೆ ಕಾರಿಗೆ ಒಪ್ಪುವುದಿಲ್ಲ. ಕಾರಿನ ಬ್ಯಾಟರಿಯನ್ನು ನಾವು 12 ವೋಲ್ಟಿನದು ಎನ್ನುತ್ತೇವೆ. ಆದರೆ ಎಂಜಿನು ಓಡುತ್ತಿರುವಾಗ ಡೈನಮೋ ಅದನ್ನು ತುಂಬುತ್ತಿದ್ದು ವಿಭವಾಂತರ 14 ವೋಲ್ಟಿನ ಸಮೀಪಕ್ಕೆ ಏರುತ್ತದೆ. ಎಂಜಿನು ನಿಧಾನವಾಗಿ, ದೀಪಗಳು ಉರಿಯುತ್ತಿರುವಾಗ ಇಳಿಯುತ್ತದೆ. 12ರಿಂದ 14ಕ್ಕೆ ಏರಿದರೆ ಪ್ರವಾಹ ಶೇಕಡ 17ರಷ್ಟು ಹೆಚ್ಚುತ್ತದೆ. ದೀಪ ಹಾಕಿದಾಗ ಪೆಟ್ರೋಲು ಕಡಿಮೆಯಾಗಿ, ದೀಪ ಆರಿಸಿದಾಗ ಮತ್ತೆ ಹೆಚ್ಚುವ ಮಾಪಕವನ್ನು ಯಾರು ತಾನೆ ನಂಬಿಯಾರು?

ಹಳೆಯ ಶಿಲ್ಪಿಗಳು ಕಂಡುಕೊಂಡ ಉಪಾಯ ತಕ್ಕಡಿಯ ಉಪಾಯ. ಸ್ಪ್ರಿಂಗಿನ ತೂಕದ ಯಂತ್ರವನ್ನು ಚಂದ್ರನ ಮೇಲೆ ಒಯ್ದರೆ ಅದು ಭಾರವನ್ನು ಆರನೆಯ ಒಂದು ಪಾಲೆಂದು ತೋರಿಸುತ್ತದೆ. ಅಕ್ಕಸಾಲಿಗನ ತಕ್ಕಡಿ ಮಾತ್ರ ಅಲ್ಲಿಯೂ ಇಲ್ಲಿಯೂ ಒಂದೇ ಉತ್ತರ ಕೊಡುತ್ತದೆ. ಗುರುತ್ವ ಎಷ್ಟೇ ಬದಲಾಗಲಿ, ಎರಡು ತಟ್ಟೆಗಳನ್ನೂ ಅದು ಒಂದೇ ಪ್ರಮಾಣದಲ್ಲಿ ಬದಲಾಯಿಸುತ್ತದೆ. ಪೆಟ್ರೋಲು ಮಾಪಕದಲ್ಲಿ ಎರಡು ತಟ್ಟೆಗಳ ಬದಲು ಎರಡು ತಂತಿಸುರುಳಿಗಳಿವೆ. ಅವು ಒಂದಕ್ಕೊಂದು ಅಡ್ಡವಾಗಿ ಕುಳಿತಿರುತ್ತವೆ. ನಡುವೆ ಮುಳ್ಳನ್ನು ಹೊತ್ತ ಮೃದು ಕಬ್ಬಿಣದ ತುಣುಕೊಂದು ತಿರುಗುತ್ತದೆ. ಒಂದು ಸುರುಳಿ ಮುಳ್ಳನ್ನು 'ಖಾಲಿ'ಯ ಕಡೆಗೆ, ಇನ್ನೊಂದು 'ತುಂಬಿದೆ'ಯ ಕಡೆಗೆ ಎಳೆಯುತ್ತದೆ. ಎರಡು ಅಯಸ್ಕಾಂತ ಕ್ಷೇತ್ರಗಳು ಸೇರಿ ಯಾವ ದಿಕ್ಕು ಸಿದ್ಧಿಸುತ್ತದೆಯೋ ಆ ದಿಕ್ಕಿಗೆ ಕಬ್ಬಿಣ ತಿರುಗಿ ನಿಲ್ಲುತ್ತದೆ.

ವಿದ್ಯುನ್ಮಂಡಲವನ್ನು ಓದುಗರು ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು. ಬ್ಯಾಟರಿಯ ಪ್ರವಾಹ ಮೊದಲು 'ಖಾಲಿ' ಸುರುಳಿಯನ್ನು ಹಾಯುತ್ತದೆ. ಅದರ ಕೊನೆಯಲ್ಲಿ ಪ್ರವಾಹ ಕವಲೊಡೆಯುತ್ತದೆ. ಒಂದು ಕವಲು 'ತುಂಬಿದೆ' ಸುರುಳಿಯ ಮೂಲಕ ಕಾರಿನ ಲೋಹದ ಒಡಲನ್ನು ಸೇರುತ್ತದೆ. ಇನ್ನೊಂದು ಕವಲು ಉದ್ದನೆಯ ತಂತಿಯಲ್ಲಿ ಹಿಂದಕ್ಕೆ ಹೋಗಿ, ಬೆಂಡಿನ ರೋಧಕವನ್ನು ಹಾದು, ಟ್ಯಾಂಕಿನ ತಗಡಿನ ಮೂಲಕ ಅದೇ ಒಡಲನ್ನು ಸೇರುತ್ತದೆ. ಒಡಲೇ ಬ್ಯಾಟರಿಗೆ ಹಿಂದಿರುಗುವ ದಾರಿ. ವರ್ಕ್‌ಷಾಪಿನವರು ಇದನ್ನು 'ಅರ್ತ್' ಎನ್ನುತ್ತಾರೆ. (ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಒಡಲಿಗೆ ಜೋಡಿಸುತ್ತಿದ್ದರು. ಆದ್ದರಿಂದ ಪ್ರವಾಹದ ದಿಕ್ಕು ನಾವು ಹೇಳಿದುದಕ್ಕೆ ವಿರುದ್ಧ. ಎರಡೂ ಸುರುಳಿಗಳಲ್ಲಿ ದಿಕ್ಕು ಒಟ್ಟಿಗೆ ತಿರುಗುವುದರಿಂದ ಮೃದು ಕಬ್ಬಿಣಕ್ಕೆ ವ್ಯತ್ಯಾಸವೇನೂ ತಿಳಿಯುವುದಿಲ್ಲ.)

ಎರಡು ಕವಲುಗಳ ಮೇಲಿನ ವಿಭವಾಂತರ ಒಂದೇ. ಮೊದಲ ಸುರುಳಿಯ ಪ್ರವಾಹವೆಂದರೆ ಎರಡು ಕವಲುಗಳ ಪ್ರವಾಹಗಳ ಮೊತ್ತ. ಈ ಎರಡು ಮಾತುಗಳಿಂದಲೇ ಕೆಳಗಿನ ಸಂಬಂಧ ಬರುತ್ತದೆ:

'ತುಂಬಿದೆ' ಸುರುಳಿಯ ಪ್ರವಾಹ ÷ 'ಖಾಲಿ' ಸುರುಳಿಯ ಪ್ರವಾಹ = ಟ್ಯಾಂಕಿನ ರೋಧ ÷ (ಟ್ಯಾಂಕಿನ ರೋಧ + 'ತುಂಬಿದೆ' ಸುರುಳಿಯ ರೋಧ)

ಬಲಗಡೆಯಲ್ಲಿ ಬ್ಯಾಟರಿಯ ಹೆಸರೇ ಇಲ್ಲ! 12 ವೋಲ್ಟು 14 ಆದರೂ ನಿಷ್ಪತ್ತಿ ಕದಲುವುದಿಲ್ಲ, ಮುಳ್ಳೂ ಕದಲುವುದಿಲ್ಲ. ಮೀಟರ್ ಬ್ರಿಜ್ಜಿನ ಪ್ರಯೋಗದಲ್ಲಿ ಹಳೆಯ ವಿದ್ಯುತ್ಕೋಶವನ್ನು ಬಳಸಿದರೂ ಉತ್ತರ ಸರಿಬರುವುದಕ್ಕೆ ಕಾರಣವೂ ಇದೇ. ತಂತಿ ಸುತ್ತಿದ ಎರಡು ಪುಟ್ಟ ಸುರುಳಿಗಳಲ್ಲಿ ಇಷ್ಟು ಜಾಣತನ ಅಡಗಿದೆಯೆಂದು ಆ ದಿನದವರೆಗೆ ನಾವೂ ಯೋಚಿಸಿರಲಿಲ್ಲ.

ಈಗ ಅಂಕಿಗಳನ್ನು ಹಾಕೋಣ. ಈ ಬಗೆಯ ಕಾರುಗಳ ಟ್ಯಾಂಕಿನ ರೋಧಕದಲ್ಲಿ ಟ್ಯಾಂಕು ಖಾಲಿಯಾದಾಗ ರೋಧ ಸೊನ್ನೆಗೆ ಸಮೀಪ. ತುಂಬಿದಾಗ ಸುಮಾರು 70 ಓಮ್. ಲೆಕ್ಕದ ಸುಲಭಕ್ಕಾಗಿ ಎರಡೂ ಸುರುಳಿಗಳು ಒಂದೇ ಸಮನಾಗಿದ್ದು, ಒಂದೊಂದರ ರೋಧವೂ 70 ಓಮ್ ಎಂದು ಹಿಡಿಯೋಣ. ಟ್ಯಾಂಕು ಖಾಲಿಯಾದಾಗ ನಿಷ್ಪತ್ತಿ ಸೊನ್ನೆ. ಅರ್ಧವಾದಾಗ 35ನ್ನು 105ರಿಂದ ಭಾಗಿಸಿದರೆ ಮೂರನೆಯ ಒಂದು. ತುಂಬಿದಾಗ ಎರಡನೆಯ ಒಂದು. ಸುರುಳಿಗಳು ಲಂಬವಾಗಿದ್ದರೆ ಈ ನಿಷ್ಪತ್ತಿಯೇ ಮುಳ್ಳು ತಿರುಗುವ ಕೋನದ ಟ್ಯಾನ್ಜೆಂಟು. ಎಂದರೆ ಮುಳ್ಳು ಕ್ರಮವಾಗಿ 0, 18, 27 ಡಿಗ್ರಿಗಳಲ್ಲಿ ನಿಲ್ಲುತ್ತದೆ. ನಿಜವಾದ ಮಾಪಕದಲ್ಲಿ ತಯಾರಕರು ಸುರುಳಿಗಳನ್ನು ಹಿಂದೆ ಮುಂದೆ ಸರಿಸಿ ಮುಳ್ಳಿನ ಓಟವನ್ನು ಅಗಲಿಸಿಕೊಳ್ಳುತ್ತಾರೆ. ತತ್ತ್ವ ಬದಲಾಗುವುದಿಲ್ಲ.

ಟ್ಯಾಂಕಿನ ಕಡೆಯ ತಂತಿ ಎಲ್ಲಾದರೂ ಕಡಿದುಹೋಯಿತೆನ್ನಿ. ಆಗ ಕವಲು ಒಂದೇ, ಎರಡು ಸುರುಳಿಗಳಲ್ಲೂ ಒಂದೇ ಪ್ರವಾಹ, ನಿಷ್ಪತ್ತಿ 1, ಕೋನ 45 ಡಿಗ್ರಿ. ಮುಳ್ಳು 'ತುಂಬಿದೆ'ಯನ್ನೂ ದಾಟಿ ಹೋಗುತ್ತದೆ. ಅಂದರೆ ಈ ಮಾಪಕ ಕೆಟ್ಟಾಗ ಪೆಟ್ರೋಲು ಬೇಕಾದಷ್ಟಿದೆ ಎಂದು ಹೇಳುತ್ತದೆ. ಉಪಕರಣವೊಂದು ಎಷ್ಟು ನಿಖರ ಎಂಬುದನ್ನು ನಾವು ವಿಚಾರಿಸುತ್ತೇವೆ; ಕೆಟ್ಟರೆ ಯಾವ ಕಡೆಗೆ ತಪ್ಪುತ್ತದೆ ಎಂಬುದನ್ನು ವಿಚಾರಿಸುವುದು ಕಡಿಮೆ. ಹಿಂದಿನ ರೈಲು ನಿಲ್ದಾಣಗಳ ಕೈಮರವನ್ನು ನಡೆಸುವ ತಂತಿ ಕಡಿದರೆ, ಪ್ರತಿಭಾರದಿಂದಾಗಿ ಅದು ತಾನಾಗಿಯೇ 'ನಿಲ್ಲು' ಎಂಬ ಸ್ಥಾನಕ್ಕೆ ಮರಳುವಂತೆ ಮಾಡಿದ್ದರು. ನಮ್ಮ ಮಾಪಕಕ್ಕೆ ಆ ವಿವೇಕವಿಲ್ಲ.

ಸರಿ, ಮುಂದಿನ ಭಾನುವಾರ ನಾವು ಕಾರಿನ ಮುಂದೆ ಕುಳಿತೆವು. ದ್ವಿತೀಯ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬರು ಕುತೂಹಲದಿಂದ ಜೊತೆಗೆ ಬಂದಿದ್ದರು. ಟ್ಯಾಂಕಿನಲ್ಲಿ ಆಗ ಸುಮಾರು ಮೂರು ಲೀಟರು ಉಳಿದಿತ್ತು. ಮುಳ್ಳು ಸರಿಯಾಗಿ ಅರ್ಧದಲ್ಲಿತ್ತು. ಆ ವರ್ಷದ ಮೈನರ್ ಕಾರಿನ ಟ್ಯಾಂಕು ಐದು ಬ್ರಿಟಿಷ್ ಗ್ಯಾಲನ್ನಿನದು, ಎಂದರೆ 22.7 ಲೀಟರು. ಅರ್ಧವೆಂದರೆ ಹನ್ನೊಂದು ಲೀಟರಿಗೂ ಹೆಚ್ಚು.

ಮಾಪಕವನ್ನು ಪರೀಕ್ಷಿಸುವ ಕ್ರಮ ಮೇಲಿನ ಸೂತ್ರದಲ್ಲಿಯೇ ಇದೆ. ಡಿಕ್ಕಿಯಲ್ಲಿ, ಟ್ಯಾಂಕಿನ ಮೇಲಿರುವ ತಂತಿಯನ್ನು ಕಳಚಿ ಗಾಳಿಯಲ್ಲಿ ಬಿಟ್ಟೆವು. ಇಗ್ನಿಷನ್ ಚಾವಿ ತಿರುಗಿಸಿದಾಗ ಮುಳ್ಳು 'ತುಂಬಿದೆ'ಯನ್ನು ದಾಟಿ ಹಾರಿತು. ತಂತಿಯ ತುದಿಯನ್ನು ಕಾರಿನ ಒಡಲಿನ ಬರಿಯ ಲೋಹಕ್ಕೆ ಮುಟ್ಟಿಸಿದೆವು. ಮುಳ್ಳು ಖಾಲಿಗೆ ಬಿದ್ದಿತು. ಎರಡೂ ಸೂತ್ರ ಹೇಳಿದಂತೆಯೇ ಆದವು. ಆದುದರಿಂದ ಮಾಪಕ ಸರಿಯಾಗಿದೆ, ಅಲ್ಲಿಂದ ಟ್ಯಾಂಕಿನವರೆಗಿನ ತಂತಿಯೂ ಸರಿಯಾಗಿದೆ. ಎರಡು ನಿಮಿಷದಲ್ಲಿ ಅರ್ಧ ಮಂಡಲ ನಿರಪರಾಧಿಯೆಂದು ತೀರ್ಮಾನವಾಯಿತು. (ಹೀಗೆ ಮುಟ್ಟಿಸುವಾಗ ಪುಟ್ಟ ಕಿಡಿ ಹಾರಬಹುದು. ಟ್ಯಾಂಕಿನ ಮುಚ್ಚಳ ಭದ್ರವಾಗಿದ್ದು, ಪೆಟ್ರೋಲಿನ ವಾಸನೆ ಸ್ವಲ್ಪವೂ ಇಲ್ಲದಾಗ, ಟ್ಯಾಂಕಿನಿಂದ ದೂರಕ್ಕೆ ಎಳೆದುಕೊಂಡ ತುದಿಯಿಂದಲೇ ಇದನ್ನು ಮಾಡತಕ್ಕದ್ದು.)

ಉಳಿದುದು ಟ್ಯಾಂಕಿನ ರೋಧಕ. ಇಲ್ಲಿಯೇ ನಾವು ಒಂದು ದಿನವನ್ನು ಹಾಳುಮಾಡಿದೆವು. ಮಲ್ಟಿಮೀಟರಿನ ಒಂದು ಮೊನೆಯನ್ನು ರೋಧಕದ ತುದಿಗೂ ಇನ್ನೊಂದನ್ನು ಅದರ ಮುಚ್ಚಳಕ್ಕೂ ಮುಟ್ಟಿಸಿದೆವು: 10 ಓಮ್. ಮೂರು ಲೀಟರಿಗೆ ಎಷ್ಟಿರಬೇಕೋ ಅಷ್ಟೇ. ಹಾಗಿದ್ದರೂ ತಂತಿಯನ್ನು ಮತ್ತೆ ಜೋಡಿಸಿದರೆ ಮುಳ್ಳು ಅರ್ಧ ಎನ್ನುತ್ತದೆ! ಮೀಟರಿನ ಮಾತನ್ನು ಬಿಟ್ಟು ನಾವು ನಮ್ಮ ಸಂಶಯವನ್ನು ನಂಬಿದೆವು. ಬೆಂಡು ಎಲ್ಲಿಯೋ ಸಿಕ್ಕಿಕೊಳ್ಳುತ್ತಿರಬೇಕೆಂದು ಇಡೀ ಘಟಕವನ್ನು ಬಿಚ್ಚಲು ತೊಡಗಿದೆವು.

ಟ್ಯಾಂಕನ್ನು ಬಿಚ್ಚುವವರಿಗೆ ಒಂದು ಎಚ್ಚರಿಕೆ. ಗಾಳಿಯಲ್ಲಿ ಪೆಟ್ರೋಲಿನ ಆವಿ ಗಾತ್ರದಲ್ಲಿ ಸುಮಾರು ಶೇಕಡ 1.4ರಿಂದ 7.6ರವರೆಗೆ ಇದ್ದಾಗ ಅದು ಹೊತ್ತಿಕೊಳ್ಳುತ್ತದೆ. ಮುಚ್ಚಿದ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಆವಿ ಇದಕ್ಕಿಂತ ಬಹಳ ದಟ್ಟವಾಗಿದ್ದು ಆಮ್ಲಜನಕ ಸಾಲದೆ ಹೋಗುತ್ತದೆ. ವಿದ್ಯುತ್ ಹರಿಯುವ ರೋಧಕವೊಂದನ್ನು ಪೆಟ್ರೋಲಿನ ನಡುವೆಯೇ ಇಡಲು ಸಾಧ್ಯವಾಗಿರುವುದಕ್ಕೆ ಇದೂ, ಪ್ರವಾಹ ಬಹಳ ಅಲ್ಪವೆಂಬುದೂ ಕಾರಣ. ಮುಚ್ಚಳ ತೆಗೆದೊಡನೆ ಆ ರಕ್ಷಣೆ ಹೋಗುತ್ತದೆ. ಬ್ಯಾಟರಿಯ ತಂತಿಯನ್ನು ಮೊದಲೇ ಕಳಚಬೇಕು. ಕೆಲಸ ಬಯಲಿನಲ್ಲಿ ನಡೆಯಬೇಕು. ಬೀಡಿ, ಬೆಂಕಿಕಡ್ಡಿ, ಉರಿಯುವ ಬಲ್ಬು ಯಾವುದೂ ಹತ್ತಿರ ಸುಳಿಯಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ಗುಂಡಿಗಳಲ್ಲಿ ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಬಿಚ್ಚಿದ ಘಟಕ ನಿರ್ದೋಷಿಯಾಗಿತ್ತು. ತೋಳನ್ನು ಕೈಯಿಂದ ಎತ್ತಿದಂತೆಲ್ಲ ರೋಧ ಸೊನ್ನೆಯಿಂದ 70ರವರೆಗೆ ಒಂದೇ ಸಮನೆ ಏರಿತು. ಬೆಂಡಿನಲ್ಲಿ ತೂತಿರಲಿಲ್ಲ. ಹಳೆಯ ಗ್ಯಾಸ್ಕೆಟ್ಟು ಮಾತ್ರ ಚೂರುಚೂರಾಯಿತು. ಹೊಸದನ್ನು ಕತ್ತರಿಸಿ, ಎಲ್ಲವನ್ನೂ ಮತ್ತೆ ಕೂರಿಸುವಷ್ಟರಲ್ಲಿ ಕತ್ತಲಾಯಿತು. ಚಾವಿ ತಿರುಗಿಸಿದರೆ ಮುಳ್ಳು ಮತ್ತೆ ಅರ್ಧದಲ್ಲಿಯೇ ಬಂದು ನಿಂತಿತು.

ಆಗ ವಿದ್ಯಾರ್ಥಿ ಸಂಕೋಚದಿಂದ ಕೇಳಿದರು: "ಸಾರ್, ಮೀಟರಿನ ಇನ್ನೊಂದು ಮೊನೆಯನ್ನು ಮುಚ್ಚಳದ ಮೇಲೆ ಇಟ್ಟಿರಿ. ಪ್ರವಾಹ ಅಲ್ಲಿಗೆ ಮುಗಿಯುತ್ತದೆಯೆ?"

ಮುಗಿಯುವುದಿಲ್ಲ! ಮುಚ್ಚಳದಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಅದನ್ನು ಹಿಡಿದಿರುವ ತಿರುಪುಗಳ ಮೂಲಕ ಒಡಲಿಗೆ ಅದು ಹೋಗಬೇಕು. ಎರಡನೆಯ ಮೊನೆಯನ್ನು ಮುಚ್ಚಳದಿಂದ ತೆಗೆದು ಒಡಲಿನ ಬರಿಯ ಲೋಹದ ಮೇಲೆ ಇಟ್ಟಾಗ ಮೀಟರು 35 ಓಮ್ ತೋರಿಸಿತು. ಟ್ಯಾಂಕಿಗೂ ಒಡಲಿಗೂ ನಡುವೆ, ಸೊನ್ನೆಯಿರಬೇಕಾದ ಕಡೆ, 25 ಓಮ್ ಅಡಗಿ ಕುಳಿತಿತ್ತು. ಹಿಂದಿನ ವರ್ಷ ಕಾರಿಗೆ ಬಣ್ಣ ಹೊಡೆಸಿದಾಗ ಟ್ಯಾಂಕನ್ನು ಇಳಿಸಿ, ಅದರ ಅಂಚಿಗೂ ತಿರುಪಿನ ತೂತುಗಳಿಗೂ ದಟ್ಟವಾಗಿ ಬಣ್ಣ ಬಳಿದು, ಹಳೆಯ ತುಕ್ಕುಹಿಡಿದ ತಿರುಪುಗಳಿಂದಲೇ ಬಿಗಿದಿದ್ದರು. ಬಣ್ಣ ಅವಾಹಕ, ತುಕ್ಕು ಕೆಟ್ಟ ವಾಹಕ. ತಿರುಪಿನ ಎಳೆಗಳು ಅಲ್ಲಲ್ಲಿ ಲೋಹವನ್ನು ಕೆರೆದಿದ್ದರಿಂದ ಪ್ರವಾಹ ಹೇಗೋ ನುಸುಳುತ್ತಿತ್ತು. ಪೂರ್ತಿ ಕಡಿದಿದ್ದರೆ ಮುಳ್ಳು ಸದಾ ತುಂಬಿದೆ ಎನ್ನುತ್ತಿತ್ತು. ಮಿತ್ರರು ಎರಡನೆಯ ದಿನವೇ ಎಚ್ಚೆತ್ತುಕೊಳ್ಳುತ್ತಿದ್ದರು. ಅರ್ಧ ಸಂಪರ್ಕ ಪೂರ್ತಿ ಕಡಿತಕ್ಕಿಂತ ಅಪಾಯಕಾರಿ.

ಈಗ ಎಲ್ಲ ಸಂಗತಿಗಳೂ ಲೆಕ್ಕಕ್ಕೆ ಸರಿಹೊಂದಿದವು. ಸ್ಕ್ರೂಗೇಜಿನಲ್ಲಿ ವಿದ್ಯಾರ್ಥಿಗಳು ಕಾಣುವ ಶೂನ್ಯದೋಷದಂತೆ ಪ್ರತಿಯೊಂದು ಅಳತೆಗೂ 25 ಓಮ್ ಕೂಡುತ್ತಿತ್ತು. ಮಡಿಕೇರಿಯ ದಾರಿಯಲ್ಲಿ ಟ್ಯಾಂಕಿನ ರೋಧ ಸೊನ್ನೆ. ಅದಕ್ಕೆ 25 ಸೇರಿ ಮುಳ್ಳು ಅರ್ಧಕ್ಕಿಂತ ಕೊಂಚ ಕೆಳಗೆ ನಿಂತಿತ್ತು. ಮೂರು ಲೀಟರಿಗೆ 10ರ ಜೊತೆಗೆ 25 ಸೇರಿ ಸರಿಯಾಗಿ ಅರ್ಧ. ಟ್ಯಾಂಕು ತುಂಬಿದಾಗ 95 ಓಮ್. ಮುಳ್ಳು 27ರ ಬದಲು 30 ಡಿಗ್ರಿಗೆ ಹೋಗಬೇಕು. ಹೌದು, ಬಣ್ಣ ಹೊಡೆಸಿದ ಮೇಲೆ ಟ್ಯಾಂಕು ತುಂಬಿಸಿದಾಗಲೆಲ್ಲ ಮುಳ್ಳು ಗೀಟನ್ನು ದಾಟಿ ನಿಲ್ಲುತ್ತಿತ್ತೆಂದೂ, ಬಂಕಿನವರು ಅಳತೆಗಿಂತ ಹೆಚ್ಚು ಹಾಕುತ್ತಿದ್ದಾರೆಂದು ತಾವು ಸಂತೋಷಪಟ್ಟಿದ್ದುದಾಗಿಯೂ ಮಿತ್ರರು ಒಪ್ಪಿಕೊಂಡರು.

ಪ್ರವಾಹ ಹರಿಯುತ್ತಿರುವಾಗಲೇ ನಡೆಸುವ ಇನ್ನೊಂದು ಪರೀಕ್ಷೆ ಇದಕ್ಕಿಂತಲೂ ನಂಬಿಕೆಗೆ ಅರ್ಹ. ಟ್ಯಾಂಕಿಗೂ ಒಡಲಿಗೂ ನಡುವೆ ವೋಲ್ಟ್‌ಮೀಟರನ್ನು ಇಡುವುದು. ನಾವು ಊಹಿಸಿಕೊಂಡ 70 ಓಮಿನ ಸುರುಳಿಗಳನ್ನೇ ಹಿಡಿದರೆ 12 ವೋಲ್ಟಿನಲ್ಲಿ ಟ್ಯಾಂಕಿನ ಕವಲಿನಲ್ಲಿ ಸುಮಾರು 0.086 ಆಂಪೇರ್ ಹರಿಯುತ್ತದೆ. 25 ಓಮಿನ ಮೇಲೆ 2.1 ವೋಲ್ಟು ಬೀಳಬೇಕು. ಇದನ್ನು ಓದುಗರು ತಾವೇ ಲೆಕ್ಕಹಾಕಿ ನೋಡಬಹುದು. ಒಳ್ಳೆಯ ಸಂಪರ್ಕದ ಮೇಲೆ ವೋಲ್ಟ್‌ಮೀಟರು ಅಲುಗಲೇಬಾರದು. ನಮ್ಮದು ಎರಡು ವೋಲ್ಟಿನ ಹತ್ತಿರ ನಿಂತಿತು.

ಚಿಕಿತ್ಸೆ ಹತ್ತು ನಿಮಿಷದ್ದು. ಎರಡು ತಿರುಪುಗಳ ಸುತ್ತ ಉಪ್ಪುಕಾಗದದಿಂದ ಬಣ್ಣವನ್ನು ಕೆರೆದು, ಹಲ್ಲುಳ್ಳ ವಾಷರುಗಳನ್ನು ಹಾಕಿ, ಹೊಸ ತಿರುಪುಗಳಿಂದ ಬಿಗಿದೆವು. ಅದರ ಮೇಲೆ ಭರವಸೆ ಸಾಲದೆ ಮುಚ್ಚಳದ ತಿರುಪೊಂದರಿಂದ ಒಡಲಿಗೆ ತಾಮ್ರದ ತಂತಿಯೊಂದನ್ನೂ ಎಳೆದು, ಕೀಲುಗಳಿಗೆ ತೇವ ತಾಗದಂತೆ ವ್ಯಾಸಲಿನ್ ಸವರಿದೆವು. ಚಾವಿ ತಿರುಗಿಸಿದಾಗ ಮುಳ್ಳು ಅರ್ಧದ ಬದಲು ಖಾಲಿಯ ಗೀಟಿನ ಹತ್ತಿರ ಬಂದು ನಿಂತಿತು.

ಬೇರೆ ಹಳೆಯ ಕಾರುಗಳನ್ನು ಇಟ್ಟುಕೊಂಡವರಿಗಾಗಿ ಎರಡು ಮಾತು. ಎಲ್ಲ ಮಾಪಕಗಳೂ ಈ ಜಾತಿಯವಲ್ಲ. 1960ರ ದಶಕದಲ್ಲಿ ಬ್ರಿಟಿಷ್ ಕಾರುಗಳಿಗೆ ಉಷ್ಣಮಾಪಕಗಳು ಬಂದವು. ಇವುಗಳಲ್ಲಿ ಪ್ರವಾಹ ಎರಡು ಲೋಹಗಳ ಪಟ್ಟಿಯೊಂದನ್ನು ಕಾಯಿಸುತ್ತದೆ, ಪಟ್ಟಿ ಬಾಗುತ್ತದೆ, ಮುಳ್ಳು ಸರಿಯುತ್ತದೆ. ಗುರುತಿಸುವುದು ಸುಲಭ. ಚಾವಿ ತಿರುಗಿಸಿದೊಡನೆ ಮುಳ್ಳು ಹಾರಿದರೆ ಸುರುಳಿಗಳದು. ಸೋಮಾರಿಯಂತೆ ಮೆಲ್ಲಗೆ ಏರಿದರೆ ಉಷ್ಣದ್ದು. ಈ ಸೋಮಾರಿತನದಿಂದ ಒಂದು ಲಾಭವುಂಟು: ಹಳ್ಳದಿಣ್ಣೆಯ ರಸ್ತೆಯಲ್ಲಿ ಪೆಟ್ರೋಲು ತುಳುಕಿದರೂ ಮುಳ್ಳು ಕುಣಿಯುವುದಿಲ್ಲ. ನಷ್ಟವೂ ಉಂಟು. ಉಷ್ಣ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದರಿಂದ 12 ವೋಲ್ಟು 14 ಆದರೆ ಶೇಕಡ 36ರಷ್ಟು ಹೆಚ್ಚುತ್ತದೆ. ಅದಕ್ಕಾಗಿ ಸರಾಸರಿ 10 ವೋಲ್ಟನ್ನು ಮಾತ್ರ ಬಿಡುವ ಸ್ಥಿರಕಾರಿಯೊಂದನ್ನು ಜೊತೆಗಿಡಬೇಕಾಯಿತು. ಇಲ್ಲಿ ಟ್ಯಾಂಕು ತುಂಬಿದಾಗ ರೋಧ ಕಡಿಮೆ, ಖಾಲಿಯಾದಾಗ ಹೆಚ್ಚು. ತಂತಿ ಕಡಿದರೆ ಮುಳ್ಳು ಖಾಲಿಗೆ ಬೀಳುತ್ತದೆ. ನಮ್ಮ ಮತದಲ್ಲಿ ಇದು ಸಭ್ಯವಾದ ತಪ್ಪು. ಒಂದು ಜಾತಿಯ ಮಾಪಕಕ್ಕೆ ಇನ್ನೊಂದು ಜಾತಿಯ ರೋಧಕವನ್ನು ತಂದು ಹಾಕಿದರೆ ಮುಳ್ಳು ತಲೆಕೆಳಗಾಗಿ ಓದುತ್ತದೆ. ಹಳೆಯ ಬಿಡಿಭಾಗಗಳ ಅಂಗಡಿಗೆ ಮಲ್ಟಿಮೀಟರನ್ನು ಒಯ್ಯುವುದರಲ್ಲಿ ನಾಚಿಕೆಯೇನೂ ಇಲ್ಲ.

ಎರಡನೆಯ ಮಾತು ಬೆಂಡಿನದು. ತೀರ ಹಳೆಯ ಕಾರುಗಳಲ್ಲಿ ಬೆಂಡಿನ ಮೇಲೆ ಪೆಟ್ರೋಲು ಇಳಿಯದಂತೆ ಅರಗಿನ ಮೆರುಗೆಣ್ಣೆ ಬಳಿದಿರುವುದುಂಟು. ಅರಗು ಪೆಟ್ರೋಲಿಗೆ ಜಗ್ಗದು, ಆದರೆ ಆಲ್ಕೊಹಾಲಿನಲ್ಲಿ ಕರಗುತ್ತದೆ. ಇಂದು ನಮ್ಮ ಬಂಕುಗಳಲ್ಲಿ ಶೇಕಡ 20ರಷ್ಟು ಎಥನಾಲು ಬೆರೆತ ಪೆಟ್ರೋಲು ದೊರೆಯುತ್ತಿರುವುದರಿಂದ ಅಂಥ ಬೆಂಡು ಕ್ರಮೇಣ ಪೆಟ್ರೋಲನ್ನು ಹೀರಿ ಮುಳುಗಬಹುದು. ಹಿತ್ತಾಳೆಯ ಪೊಳ್ಳು ಡಬ್ಬಿಯನ್ನು ಹಾಕಿಸುವುದು ಒಳ್ಳೆಯದು.

ಕೊನೆಯ ಕೆಲಸವಾಗಿ ನಾವು ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಟ್ಯಾಂಕನ್ನು ಪೂರ್ತಿ ಬರಿದುಮಾಡಿ, ಎರಡೆರಡು ಲೀಟರು ಹಾಕುತ್ತ ಪ್ರತಿ ಸಲವೂ ಮುಳ್ಳಿನ ಸ್ಥಾನವನ್ನು ಬರೆದುಕೊಂಡೆವು. ಟ್ಯಾಂಕಿನ ಆಕಾರವೂ ತೋಳಿನ ಓಟವೂ ಸರಳವಲ್ಲದ ಕಾರಣ ಗೀಟುಗಳು ಸಮದೂರದಲ್ಲಿ ಬೀಳಲಿಲ್ಲ. ಮುಳ್ಳು ಖಾಲಿಯ ಗೀಟನ್ನು ಬಿಟ್ಟು ಮೇಲೇಳುವುದು ಎರಡನೆಯ ಲೀಟರು ಮುಗಿದ ಮೇಲೆಯೇ. ಆ ಕೋಷ್ಟಕವನ್ನು ವಿದ್ಯಾರ್ಥಿ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು. ಮಿತ್ರರು ಅದನ್ನು ಮುಂಫಲಕದ ಗೂಡಿನಲ್ಲಿ ಅಂಟಿಸಿದ್ದಾರೆ. ಡಿಸೆಂಬರಿನಲ್ಲಿ ಅದೇ ಕಾರಿನಲ್ಲಿ ಮತ್ತೆ ಮಡಿಕೇರಿಗೆ ಹೋದೆವು. ಕುಶಾಲನಗರದಲ್ಲಿ ಮುಳ್ಳು ಕಾಲು ಭಾಗ ತೋರಿಸುತ್ತಿತ್ತು. ಕೋಷ್ಟಕವನ್ನು ನೋಡಿದೆವು, ಬಂಕಿನಲ್ಲಿ ಹತ್ತು ಲೀಟರು ಹಾಕಿಸಿಕೊಂಡೆವು.